ಮಗ್ಗದ ಕುಣಿಯಲ್ಲಿ ಚಿಗಟ: ಮೂರು ಬೆಕ್ಕುಗಳ ಹುಳ ಬಿಡಿಸಿದ ಕಥೆ

ಬೆಕ್ಕಿಗೆ ಚಿಗಟ ಹತ್ತಿದರೆ ಒಂದು ಸ್ನಾನ ಸಾಕು ಎಂದವರು ಬಹಳ ಜನ. ಹೊಟ್ಟೆಹುಳಕ್ಕೆ ಒಂದು ಗುಳಿಗೆ ಸಾಕು ಎಂದವರೂ ಇದ್ದರು. ನಮ್ಮ ಮನೆಯಲ್ಲಿ ಇವೆರಡೂ ಮುಗಿಯುವ ಹೊತ್ತಿಗೆ ಬೆಳಗಾವಿಯ ಮಳೆಗಾಲ ಪೂರ್ತಿ ಕಳೆದಿತ್ತು. ಮೊನ್ನೆ ಡಾಕ್ಟರು ಮೂರೂ ಬೆಕ್ಕುಗಳಿಗೆ ಬಾಚಣಿಗೆ ಹಾಕಿ ನೋಡಿ, 'ಏನೂ ಇಲ್ಲ' ಎಂದರು. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಹಳೆ ಮನೆಯಲ್ಲಿ ಬೆಕ್ಕು ಸಾಕಿದವರಿಗೆ ಉಪಯೋಗ ಆಗಬಹುದು.

ನಮ್ಮದು ಶಹಾಪುರದ ಕಡೆ ಹಂಚಿನ ಮನೆ. ಅಜ್ಜ ಸೀರೆ ನೇಯುತ್ತಿದ್ದರು. ಮಗ್ಗ ಮಾರಿ ಎಷ್ಟೋ ವರ್ಷ ಆಯಿತು. ಆದರೆ ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಹಾಗೇ ಉಳಿದಿದೆ. ಮೇಲೆ ಹಲಗೆ ಮುಚ್ಚಿ ಒಳಗೆ ಬೇಡದ ಸಾಮಾನು ತುಂಬಿದ್ದೆವು. ನಮ್ಮ ಚಿನ್ನಿ ಮೇ ತಿಂಗಳಲ್ಲಿ ಎರಡು ಮರಿ ಹಾಕಿದ್ದು ಅದರೊಳಗೇ. ಒಂದು ಬೂದು ಬಣ್ಣದ್ದು, ಒಂದು ಗುಂಡಗಿನದ್ದು. ಕತ್ತಲು, ಬೆಚ್ಚಗಿನ ಜಾಗ, ಹಳೆ ನೂಲಿನ ಧೂಳು. ಬೆಕ್ಕಿಗೆ ಹಿಡಿಸಿದ ಜಾಗ ಚಿಗಟಕ್ಕೂ ಹಿಡಿಸಿತು.

ಜೂನ್‌ನಲ್ಲಿ ಮಳೆ ಹಿಡಿದುಕೊಂಡ ಮೇಲೆ ಅವ್ವನ ಕಾಲಲ್ಲಿ ಕೆಂಪು ಗುಳ್ಳೆ ಕಾಣಿಸಿದವು. ಎಲ್ಲವೂ ಮೊಣಕಾಲಿನ ಕೆಳಗೇ. ಮೊದಲು ಸೊಳ್ಳೆ ಅಂದುಕೊಂಡೆವು. ಆಮೇಲೆ ತಿಗಣೆ ಇರಬಹುದೆಂದು ಮಂಚ ಎತ್ತಿ ನೋಡಿದೆವು. ಕೊನೆಗೆ ಚಿನ್ನಿಯ ಬೆನ್ನಿನ ಕೂದಲು ಸರಿಸಿದಾಗ ಕರಿ ಪುಡಿ ಕಂಡಿತು. ಅದು ಮಣ್ಣೋ ಚಿಗಟದ ಹಿಕ್ಕೆಯೋ ಎಂದು ತಿಳಿಯಲು ಸುಲಭದ ದಾರಿ ಇದೆ. ಒದ್ದೆ ಹತ್ತಿಯ ಮೇಲೆ ಆ ಪುಡಿ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಸುತ್ತ ಕೆಂಪು ಕಲೆ ಹರಡಿದರೆ ಅದು ಚಿಗಟ ಕುಡಿದು ಹೊರಹಾಕಿದ ರಕ್ತ. ನಮ್ಮ ಹತ್ತಿ ಕೆಂಪಾಯಿತು. ಬಿಳಿ ಸಾಕ್ಸ್ ಹಾಕಿಕೊಂಡು ಕುಣಿಯ ಹತ್ತಿರ ಓಡಾಡಿದೆ. ಸಾಕ್ಸ್ ಮೇಲೆ ಕಂದು ಚುಕ್ಕೆಗಳು ಜಿಗಿದು ಕೂತವು.

ಅದೇ ವಾರ ಬೂದು ಮರಿ ವಾಂತಿ ಮಾಡಿತು. ವಾಂತಿಯಲ್ಲಿ ಬಿಳಿ, ಉದ್ದನೆಯ ಹುಳ. ಜೀವಂತ ಇತ್ತು, ಸುರುಳಿ ಸುತ್ತಿಕೊಳ್ಳುತ್ತಿತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ಸುದ್ದಿ ಓಣಿಗೆ ಗೊತ್ತಾಗಲು ಎಷ್ಟು ಹೊತ್ತು? ಒಬ್ಬರು ಬೇವಿನೆಣ್ಣೆ ಹಚ್ಚಿ ಎಂದರು. ಇನ್ನೊಬ್ಬರು ಕುಣಿಯಲ್ಲಿ ಡಾಂಬರು ಗುಳಿಗೆ ಹಾಕಿ ಎಂದರು. ಹಳ್ಳಿಯಿಂದ ಬಂದಿದ್ದ ಮಾವ, ದನಕ್ಕೆ ಉಣ್ಣಿ ಹತ್ತಿದಾಗ ಹೊಡೆಯುವ ಔಷಧಿಯನ್ನೇ ನೀರಿಗೆ ಹಾಕಿ ಒರೆಸಲು ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು, ಬೇಡ ಎನ್ನುವುದು ಕಷ್ಟ. ಔಷಧಿ ಅಂಗಡಿಯೊಂದರಲ್ಲಿ ಬೆಕ್ಕಿನ ಚಿಗಟಕ್ಕೆ ಏನಾದರೂ ಇದೆಯಾ ಎಂದು ಕೇಳಿದೆ. ನಾಯಿಯ ಚಿತ್ರ ಇರುವ ಡ್ರಾಪ್ಸ್ ಕೊಟ್ಟರು. 'ನಾಯಿಗೂ ಅದ, ಬೆಕ್ಕಿಗೂ ಅದರೀ. ಅರ್ಧಾ ಹಾಕ್ರಿ, ಏನ್ ಆಗಂಗಿಲ್ಲ' ಎಂದರು. ಪೊಟ್ಟಣ ತಿರುಗಿಸಿ ನೋಡಿದರೆ ಒಳಗಿರುವುದು ಪರ್ಮೆತ್ರಿನ್ ಎಂಬ ಕೀಟನಾಶಕ. ವಾಪಸ್ ಕೊಟ್ಟು ಬಂದೆ.

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಪರ್ಮೆತ್ರಿನ್ ನಾಯಿಗೆ ನಡೆಯುತ್ತದೆ, ಬೆಕ್ಕಿಗೆ ವಿಷ. ನಾಯಿಯ ಮತ್ತು ನಮ್ಮ ಲಿವರ್ ಕರಗಿಸಿ ಹೊರಹಾಕುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಲಿವರ್ ಅಷ್ಟು ಸುಲಭಕ್ಕೆ ಹೊರಹಾಕಲಾರದು. ನಾಯಿಯ ಡ್ರಾಪ್ಸ್ ಹಾಕಿದ ಬೆಕ್ಕಿಗೆ ಮೈ ನಡುಕ, ಫಿಟ್ಸ್ ಬಂದು ಜೀವವೇ ಹೋಗಬಹುದು. ಅರ್ಧ ಹಾಕಿದರೂ ಅಪಾಯವೇ. ದನದ ಉಣ್ಣಿ ಔಷಧಿ, ಡಾಂಬರು ಗುಳಿಗೆ, ಟೀ ಟ್ರೀ ಎಣ್ಣೆ, ನೆಲ ಒರೆಸುವ ಕರಿ ಫಿನಾಯಿಲ್ ಕೂಡ ಬೆಕ್ಕಿರುವ ಮನೆಗೆ ಬೇಡ. ಫಿನಾಯಿಲ್ ಬಿಡಿಸಲು ಅವ್ವನ ಜೊತೆ ನಾನು ಮಾಡಿದ ಜಗಳವನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಹೋದದ್ದು ಒಂದು ಪಶು ಆಸ್ಪತ್ರೆಗೆ. ಮುಂದೆ ಎಮ್ಮೆ, ಹಿಂದೆ ಆಡು, ನಡುವೆ ಬುಟ್ಟಿ ಹಿಡಿದುಕೊಂಡು ನಾನು. ಡಾಕ್ಟರು ದನಗಳ ಲಸಿಕೆ ಕೆಲಸಕ್ಕೆ ಹಳ್ಳಿಗೆ ಹೋಗಿದ್ದರು. ಮಧ್ಯಾಹ್ನದ ತನಕ ಕಾದೆ. ಅಲ್ಲಿದ್ದ ಸಿಬ್ಬಂದಿ ಒಳ್ಳೆಯವರು. ಬೆಕ್ಕಿನ ಔಷಧಿ ಸದ್ಯಕ್ಕೆ ಇಲ್ಲ ಎಂದು ಸತ್ಯ ಹೇಳಿದರು. ಮಳೆಯಲ್ಲಿ ಆಟೋ ಹಿಡಿದು ಮನೆಗೆ ಬಂದೆ. ದಾರಿ ಉದ್ದಕ್ಕೂ ಚಿನ್ನಿ ಅರಚುತ್ತಿದ್ದಳು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ನಗುತ್ತಿದ್ದ.

ಮರುದಿನ ಟಿಳಕವಾಡಿ ಕಡೆಯ ಖಾಸಗಿ ಕ್ಲಿನಿಕ್‌ಗೆ ಹೋದೆ. ಫೋನ್ ಮಾಡಿ ಟೈಮ್ ತಗೊಂಡಿದ್ದರೂ ಬಹಳ ಹೊತ್ತು ಕಾಯಬೇಕಾಯಿತು, ಸುತ್ತಲೂ ನಾಯಿಗಳು. ಬುಟ್ಟಿಯ ಮೇಲೆ ಬಟ್ಟೆ ಹೊದಿಸಿ, ನೆಲದ ಬದಲು ತೊಡೆಯ ಮೇಲೆ ಇಟ್ಟುಕೊಂಡರೆ ಬೆಕ್ಕು ಅಷ್ಟು ಗಾಬರಿ ಆಗುವುದಿಲ್ಲ. ಬೆಳಗಿನ ತಾಜಾ ಮಲವನ್ನು ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ, ಎರಡನೇ ಸಲ ಓಡಾಡುವುದು ತಪ್ಪುತ್ತದೆ. ಹಿಂದೆ ಏನಾದರೂ ಔಷಧಿ ಕೊಟ್ಟಿದ್ದರೆ ಅದರ ಚೀಟಿ ಅಥವಾ ಖಾಲಿ ಪೊಟ್ಟಣವೂ ಇರಲಿ. ಡಾಕ್ಟರು ಮೊದಲು ಕೇಳಿದ್ದೇ ಅದನ್ನು.

ಅವರು ಮರಿಗಳ ತುಟಿ ಎತ್ತಿ ಒಸಡು ನೋಡಿದರು. ಬೂದು ಮರಿಯ ಒಸಡು ಬಿಳಿಚಿಕೊಂಡಿತ್ತು. ಇಷ್ಟು ಚಿಕ್ಕ ಮೈಯಿಂದ ಚಿಗಟಗಳು ದಿನಾ ರಕ್ತ ಹೀರಿದರೆ ಮರಿ ರಕ್ತ ಕಡಿಮೆಯಾಗಿ ಸಾಯಲೂಬಹುದು ಎಂದರು. ಅಲ್ಲಿಯವರೆಗೆ ನನಗೆ ಚಿಗಟ ಅಂದರೆ ತುರಿಕೆ ಮಾತ್ರ.

ಮಲವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮರಿಗಳಲ್ಲಿ ದುಂಡುಹುಳದ ಮೊಟ್ಟೆ ಸಿಕ್ಕವು. ಹುಟ್ಟಿದಾಗಿನಿಂದ ಹೊರಗೇ ಹೋಗದ ಮರಿಗೆ ಹುಳ ಎಲ್ಲಿಂದ ಬಂತು ಎಂದು ಕೇಳಿದೆ. ತಾಯಿಯ ಹಾಲಿನಿಂದ. ತಾಯಿಯ ಮೈಯಲ್ಲಿ ಸುಮ್ಮನೆ ಮಲಗಿರುವ ಮರಿಹುಳಗಳು ಹಾಲಿನ ಜೊತೆ ಇಳಿದು ಬರುತ್ತವಂತೆ. ಹಾಗಾಗಿ ಮರಿಗೆ ಮೂರು ವಾರ ಆದಾಗಿನಿಂದಲೇ ಹುಳದ ಔಷಧಿ ಶುರು ಮಾಡುತ್ತಾರೆ. ಹಾಲು ಬಿಡುವ ತನಕ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳು ತುಂಬುವ ತನಕ ತಿಂಗಳಿಗೊಮ್ಮೆ. ತಾಯಿಗೂ ಜೊತೆಯಲ್ಲೇ ಕೊಡಬೇಕು.

ಚಿನ್ನಿಯದು ಬೇರೆ ಕಥೆ. ಅವಳ ಬಾಲದ ಕೆಳಗೆ ಒಣಗಿದ ಅಕ್ಕಿ ಕಾಳಿನಂಥವು ಅಂಟಿದ್ದವು. ಅವು ಲಾಡಿಹುಳದ ತುಂಡುಗಳು. ಈ ಹುಳ ಬೆಕ್ಕಿಗೆ ಬರುವುದು ಚಿಗಟದಿಂದ. ಚಿಗಟದ ಮರಿಹುಳ ಲಾಡಿಹುಳದ ಮೊಟ್ಟೆ ತಿನ್ನುತ್ತದೆ. ಅದು ಬೆಳೆದು ಚಿಗಟವಾಗಿ ಬೆಕ್ಕಿನ ಮೈ ಏರುತ್ತದೆ. ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಅದನ್ನು ನುಂಗುತ್ತದೆ. ಅಲ್ಲಿಗೆ ಹೊಟ್ಟೆಯಲ್ಲಿ ಹೊಸ ಹುಳ. ಇಲಿ ತಿಂದರೆ ಬರುವ ಬೇರೆ ಜಾತಿಯ ಲಾಡಿಹುಳವೂ ಇದೆ. 'ಗುಳಿಗೆ ಕೊಡ್ತೀನಿ. ಆದ್ರೆ ಚಿಗಟ ಹೋಗದೇ ಇದ್ರೆ ಮೂರು ವಾರಕ್ಕೆ ಮತ್ತೆ ಇಲ್ಲೇ ಬರ್ತೀರಿ' ಎಂದರು ಡಾಕ್ಟರು.

ಮೂವರನ್ನೂ ತೂಗಿದರು. ಔಷಧಿ ಎಲ್ಲ ತೂಕದ ಲೆಕ್ಕದಲ್ಲೇ. ಮರಿಗಳು ಅರ್ಧ ಕೆಜಿ ಆಸುಪಾಸು. ಅವಕ್ಕೆ ದುಂಡುಹುಳಕ್ಕೆ ಪೈರಾಂಟೆಲ್ ಸಿರಪ್ ಕೊಟ್ಟರು. ಚಿನ್ನಿಗೆ ಪೈರಾಂಟೆಲ್ ಜೊತೆ ಪ್ರಾಜಿಕ್ವಾಂಟೆಲ್ ಸೇರಿದ ಗುಳಿಗೆ. ಲಾಡಿಹುಳಕ್ಕೆ ಬೇಕಾದದ್ದು ಪ್ರಾಜಿಕ್ವಾಂಟೆಲ್, ಪೈರಾಂಟೆಲ್ ಒಂದೇ ಇದ್ದರೆ ಲಾಡಿಹುಳ ಹೋಗುವುದಿಲ್ಲ. ಅಂಗಡಿಯಲ್ಲಿ 'ಹುಳದ ಗುಳಿಗೆ' ಎಂದು ಕೇಳಿ ತರುವವರು ಇದನ್ನು ಗಮನಿಸಿ.

ಚಿಗಟಕ್ಕೆ ಕುತ್ತಿಗೆಯ ಹಿಂದೆ ಹಾಕುವ ಹನಿ. ಚಿನ್ನಿ ಕಿವಿ ಕೆರೆದುಕೊಳ್ಳುತ್ತಿದ್ದಳು, ಕಿವಿಯೊಳಗೆ ಕಪ್ಪು ಪುಡಿ ತುಂಬಿತ್ತು, ಅಂದರೆ ಕಿವಿನುಸಿಯೂ ಇತ್ತು. ಆದ್ದರಿಂದ ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಹನಿಯ ಬದಲು ಸೆಲಮೆಕ್ಟಿನ್ ಹನಿ ಆರಿಸಿದರು. ಅದು ಚಿಗಟ, ಕಿವಿನುಸಿ ಎರಡಕ್ಕೂ ಆಗುತ್ತದೆ, ದುಂಡುಹುಳಕ್ಕೂ ಆಗುತ್ತದೆ, ಲಾಡಿಹುಳಕ್ಕೆ ಮಾತ್ರ ಇಲ್ಲ. ಹಾಲುಣಿಸುವ ತಾಯಿಗೂ ಕೊಡಬಹುದು. ಎಂಟು ವಾರ ತುಂಬದ ಮರಿಗಳಿಗೆ ಹನಿ ಬೇಡ, ಬಾಚಣಿಗೆಯೇ ಗತಿ ಎಂದರು.

ಆ ಹನಿ ಬೆಳಗಾವಿಯಲ್ಲಿ ಕೇಳಿದ ಕಡೆ ಎಲ್ಲೂ ಸಿಗಲಿಲ್ಲ. ಕ್ಲಿನಿಕ್‌ನವರೇ ಪುಣೆಯಿಂದ ತರಿಸಿದರು. ಬರುವ ತನಕ ಕಾಯುವುದೇ ದೊಡ್ಡ ಹಿಂಸೆ. ರಾತ್ರಿ ಕಾಲು ಕೆರೆಯುತ್ತಾ ಕೂತರೆ, ಅವ್ವ 'ಬೆಕ್ಕಿನ ಸಲುವಾಗಿ ಇಷ್ಟ್ಯಾಕ ಬಡದಾಡ್ತಿ?' ಎಂದು ಕೇಳುತ್ತಿದ್ದಳು. ಹಾಗೆ ಕೇಳಿದವಳೇ ಬೆಳಿಗ್ಗೆ ಮರಿಗಳನ್ನು ಮಡಿಲಲ್ಲಿ ಹಾಕಿಕೊಂಡು ಬಾಚುತ್ತಿದ್ದಳು. ಹಲ್ಲು ಒತ್ತಾಗಿರುವ ಬಾಚಣಿಗೆ, ಪಕ್ಕದಲ್ಲಿ ಸೋಪು ಕರಗಿಸಿದ ನೀರಿನ ಬಟ್ಟಲು. ಬಾಚಿದ್ದನ್ನು ಅದರಲ್ಲಿ ಅದ್ದಿದರೆ ಚಿಗಟ ಮುಳುಗುತ್ತದೆ. ಬರೀ ನೀರಲ್ಲಿ ಹಾಕಿದರೆ ಜಿಗಿದು ಹೋಗುತ್ತದೆ. ಕುತ್ತಿಗೆ ಮತ್ತು ಬಾಲದ ಬುಡದಲ್ಲಿ ಜಾಸ್ತಿ ಸಿಗುತ್ತವೆ.

ಗುಳಿಗೆ ಕೊಡುವ ವಿಷಯ. ಚಿನ್ನಿಯನ್ನು ಟವೆಲ್‌ನಲ್ಲಿ ಸುತ್ತಿ, ತಲೆ ಸ್ವಲ್ಪ ಮೇಲೆತ್ತಿ, ಗುಳಿಗೆಯನ್ನು ನಾಲಿಗೆಯ ಹಿಂಬದಿಗೆ ಇಟ್ಟು ಬಾಯಿ ಮುಚ್ಚಬೇಕು. ಆಮೇಲೆ ಸೂಜಿ ಇಲ್ಲದ ಸಿರಿಂಜಿನಿಂದ ಸ್ವಲ್ಪ ನೀರು ಬಿಡಬೇಕು, ಇಲ್ಲವಾದರೆ ಗುಳಿಗೆ ಗಂಟಲಲ್ಲೇ ಸಿಕ್ಕಿಕೊಳ್ಳಬಹುದು. ಪ್ರಾಜಿಕ್ವಾಂಟೆಲ್ ಬಲು ಕಹಿ. ನಾಲಿಗೆಗೆ ತಾಗಿದರೆ ಬೆಕ್ಕು ಬಾಯಲ್ಲಿ ನೊರೆ ಸುರಿಸುತ್ತದೆ. ನೋಡಿದರೆ ಎದೆ ಧಸಕ್ ಅನ್ನುತ್ತದೆ, ಆದರೆ ಅದು ಕಹಿಗೆ ಬರುವ ಜೊಲ್ಲು. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಮರಿಗಳ ಮಲದಲ್ಲಿ ಮರುದಿನ ಹುಳಗಳು ರಾಶಿಯಾಗಿ ಬಿದ್ದವು. ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಅಷ್ಟೊಂದು ಹೇಗಿದ್ದವೋ. ಊದಿಕೊಂಡಿದ್ದ ಹೊಟ್ಟೆ ಇಳಿಯಿತು. ಬೂದು ಮರಿ ಮೊದಲ ಸಲ ಓಡಿ ಬಂದು ಅನ್ನ ತಿಂದಿತು.

ಹನಿ ಬಂದ ದಿನ ಚಿನ್ನಿಗೆ ಹಾಕಿದೆ. ತಲೆಬುರುಡೆಯ ಕೆಳಗೆ, ನಾಲಿಗೆ ಮುಟ್ಟದ ಜಾಗದಲ್ಲಿ, ಕೂದಲು ಬಿಡಿಸಿ ಚರ್ಮದ ಮೇಲೆ ಬಿಡಬೇಕು. ಕೂದಲ ಮೇಲೆ ಬಿಟ್ಟರೆ ದುಡ್ಡು ದಂಡ. ಒಣಗುವ ತನಕ ಮರಿಗಳನ್ನು ಬೇರೆ ಇಡಿ, ಅವು ನೆಕ್ಕಬಾರದು. ಮರಿಗಳಿಗೆ ಎಂಟು ವಾರ ಆದ ಮೇಲೆ ಅವಕ್ಕೂ ಹಾಕಿದೆವು. 2.5 ಕೆಜಿ ಒಳಗಿನ ಬೆಕ್ಕಿಗೆ 15 ಮಿಲಿಗ್ರಾಂನ ಚಿಕ್ಕ ಪಿಪೆಟ್ (ಹನಿ ತುಂಬಿದ ಪುಟ್ಟ ನಳಿಗೆ) ಬರುತ್ತದೆ. ದೊಡ್ಡದನ್ನು ತಂದು ಅಂದಾಜಿನಲ್ಲಿ ಹಂಚುವುದು ಬೇಡ.

ಇಲ್ಲಿಗೆ ಬೆಕ್ಕಿನ ಕೆಲಸ ಆಯಿತು. ಮನೆಯ ಕೆಲಸ ಶುರುವಾಗಿರಲೇ ಇಲ್ಲ.

ಬೆಕ್ಕಿನ ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದ ಸುಮಾರು ಶೇಕಡಾ 5 ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳ, ರೇಷ್ಮೆಹುಳದಂತೆ ಮರಿಹುಳ ಸುತ್ತಿಕೊಂಡ ಗೂಡುಗಳಾಗಿ ನೆಲದಲ್ಲಿ, ಹಾಸಿಗೆಯಲ್ಲಿ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಮೊಟ್ಟೆ ಅಂಟುವುದಿಲ್ಲ, ಬೆಕ್ಕು ಹೋದಲ್ಲೆಲ್ಲ ಉದುರುತ್ತದೆ. ಚಿನ್ನಿ ಎಲ್ಲಿ ಹೋಗಿರಲಿಲ್ಲ ಹೇಳಿ? ಫರ್ಸಿ ಕಲ್ಲಿನ ಸಂದು, ಕಪಾಟಿನ ಅಡಿ, ಅಟ್ಟ, ಕೌದಿ.

ಕೌದಿ! ಅಜ್ಜಿ ಹೊಲಿದ ಕೌದಿಗಳು ನಮ್ಮಲ್ಲಿ ಒಂದು ಗುಡ್ಡೆ ಇವೆ. ಹಳೆ ಇಳಕಲ್ ಸೀರೆ, ಧೋತರ, ಅಂಗಿ ತುಂಡು, ಪದರದ ಮೇಲೆ ಪದರ. ಚಿಗಟದ ಮೊಟ್ಟೆಗೆ ಅದಕ್ಕಿಂತ ಸುಖದ ಜಾಗ ಇಲ್ಲ. 60 ಡಿಗ್ರಿ ಬಿಸಿನೀರಿನಲ್ಲಿ ತೊಳೆದರೆ ಎಲ್ಲ ಸಾಯುತ್ತವೆ ಎಂದಿದ್ದರು. ನಮ್ಮ ವಾಷಿಂಗ್ ಮಷಿನ್‌ನಲ್ಲಿ ಕೌದಿ ಹಿಡಿಯುವುದಿಲ್ಲ. ಬಚ್ಚಲ ಹಂಡೆಗೆ ಉರಿ ಹಾಕಿ, ಕುದಿನೀರು ಸುರಿದು, ಕೋಲಿನಲ್ಲಿ ತಿರುವಿ ತಿರುವಿ ತೊಳೆದೆವು. ನೆಂದ ಕೌದಿ ಎತ್ತಲು ಇಬ್ಬರು ಬೇಕು. ಜುಲೈ ಮಳೆಯಲ್ಲಿ ಒಣಗಿಸುವುದು ಎಲ್ಲಿ? ಪಡಸಾಲೆಯಲ್ಲಿ ಹಗ್ಗ ಕಟ್ಟಿ ಫ್ಯಾನ್ ಹಾಕಿದೆವು. ಮನೆಯೆಲ್ಲ ಮುಗ್ಗಲು ವಾಸನೆ. ಬೈಲಹೊಂಗಲದ ಅತ್ತೆ ಮನೆಯಲ್ಲಿ ಬಿಸಿಲಿದೆ, ಅಲ್ಲಿ ಒಣಗಿಸಿ ತರೋಣ ಎಂದೆ. ಅತ್ತೆ ಫೋನಿನಲ್ಲೇ 'ನಿಮ್ಮ ಚಿಗಟ ನಿಮ್ಮಲ್ಲೇ ಇರ್ಲಿ' ಎಂದಳು. ಕೊನೆಗೆ ಡ್ರೈಯರ್ ಇರುವ ಲಾಂಡ್ರಿಗೆ ಕೊಟ್ಟೆವು. ದುಡ್ಡು ಹೋದರೂ ಅದೇ ಸರಿ ಎನಿಸಿತು. ಮಳೆಗಾಲದಲ್ಲಿ ಆದರೆ ಮೊದಲೇ ಅದನ್ನೇ ಮಾಡಿ.

ವ್ಯಾಕ್ಯೂಮ್ ಕ್ಲೀನರ್ ಗೆಳೆಯನ ಮನೆಯಿಂದ ತಂದೆ. ದಿನಾ ಸಂದುಗಳನ್ನು ಎಳೆದು, ಧೂಳನ್ನು ಚೀಲದಲ್ಲಿ ಕಟ್ಟಿ ತಕ್ಷಣ ಹೊರಗೆ ಹಾಕುತ್ತಿದ್ದೆ. ಮೇಲಿನ ಧೂಳು ಹೋಗುತ್ತಿತ್ತು. ಕುಣಿ ಮಾತ್ರ ಹಾಗೇ ಇತ್ತು. ಅದನ್ನು ಸಿಮೆಂಟ್ ಹಾಕಿ ಮುಚ್ಚಿಸೋಣ ಎಂದೆ. ಅವ್ವ ಒಪ್ಪಲಿಲ್ಲ. ಜಗಳ ಮಾಡಲಿಲ್ಲ, ಸುಮ್ನೆ ಎದ್ದು ಒಳಗೆ ಹೋದಳು. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಹನಿ ಹಾಕಿ ಎರಡು ವಾರಕ್ಕೆ ಚಿಗಟ ಮತ್ತೆ ಕಾಣಿಸಿದವು. ಔಷಧಿ ನಕಲಿ ಇರಬಹುದು ಎಂಬ ಅನುಮಾನ ಬಂತು. ಪಿಪೆಟ್ ಮೇಲಿನ ಬ್ಯಾಚ್ ನಂಬರ್, ಎಕ್ಸ್‌ಪೈರಿ ಫೋಟೋ ತೆಗೆದು ಕ್ಲಿನಿಕ್‌ಗೆ ಕಳಿಸಿದೆ. ಡಾಕ್ಟರು ನಕ್ಕು, ಔಷಧಿ ಸರಿ ಇದೆ ಎಂದರು. ಚಿಗಟದ ಗೂಡಿನೊಳಗೆ ಯಾವ ಔಷಧಿಯೂ ಹೋಗುವುದಿಲ್ಲ. ಗೂಡಿನಲ್ಲಿ ಅದು ತಿಂಗಳುಗಟ್ಟಲೆ ಕಾಯಬಲ್ಲದು. ನಡೆದಾಡುವ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗಿದಾಗ ಹೊರಗೆ ಬರುತ್ತದೆ. ಹೊಸದಾಗಿ ಹೊರಬಂದದ್ದು ಬೆಕ್ಕಿನ ಮೈಗೆ ಏರಿ ಸಾಯಬೇಕು, ಮೊಟ್ಟೆ ಇಡುವ ಮೊದಲು. ಅದಕ್ಕೇ ಹನಿಯನ್ನು ತಪ್ಪದೆ ತಿಂಗಳಿಗೊಮ್ಮೆ, ಕಡಿಮೆ ಅಂದರೂ ಮೂರು ತಿಂಗಳು ಹಾಕಬೇಕು. ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ ಒಟ್ಟಿಗೇ. ಬಹಳ ಜನ ಕೈ ಬಿಡುವುದು ಈ ಎರಡನೇ ಅಲೆಯಲ್ಲೇ ಅಂತೆ. ನನಗೂ ಕೈ ಸೋತಿತ್ತು. ಅವರು ಹೇಳಿದ್ದಂತೆ ಚಿನ್ನಿಯ ಲಾಡಿಹುಳವೂ ಮತ್ತೆ ಬಂತು. ಇನ್ನೊಂದು ಗುಳಿಗೆ.

ಈ ನಡುವೆ ತಂಗಿಯ ಕುಬಸ (ಸೀಮಂತ). ಮುಗಿಸಿಕೊಂಡು ಹೆರಿಗೆಗೆ ನಮ್ಮ ಮನೆಗೆ ಬರುವವಳು. ಬೀಗರ ಕಡೆಯ ಹಿರಿಯರೊಬ್ಬರು ನೇರವಾಗಿ ಹೇಳಿದರು: 'ಬಸುರಿ ಇರೂ ಮನ್ಯಾಗ ಬೆಕ್ಕು ಬ್ಯಾಡ್ರಿ. ಎಲ್ಲರೆ ಬಿಟ್ಟು ಬರ್ರಿ.' ಮರಿಗಳನ್ನು ಚೀಲದಲ್ಲಿ ಹಾಕಿ ಮಾರ್ಕೆಟ್ ಹತ್ತಿರ ಬಿಡುವುದನ್ನು ಅಷ್ಟು ಸುಲಭವಾಗಿ ಹೇಳುತ್ತಾರಲ್ಲ ಎಂದು ಸಿಟ್ಟು ಬಂತು. ಆದರೆ ಅವರ ಭಯ ಪೂರ್ತಿ ಸುಳ್ಳಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಜೀವಿ ಬೆಕ್ಕಿನ ಮಲದಲ್ಲಿ ಬರಬಹುದು, ಬಸುರಿಯ ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಹುದು. ಅದು ಹುಳವಲ್ಲ, ಹುಳದ ಗುಳಿಗೆ ಅದಕ್ಕೆ ನಾಟುವುದೂ ಇಲ್ಲ.

ತಂಗಿಯ ಹೆರಿಗೆ ಡಾಕ್ಟರ ಹತ್ತಿರ ನಾನೇ ಜೊತೆಗೆ ಹೋದೆ. ಬೆಕ್ಕನ್ನು ಮುಟ್ಟಿದ್ದಕ್ಕೆ ಅದು ಬರುವುದಿಲ್ಲ ಎಂದರು. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಅದನ್ನು ಹೊರಹಾಕುತ್ತದೆ. ಮಲದಲ್ಲಿ ಬಿದ್ದದ್ದು ಸೋಂಕು ಹಚ್ಚುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಹಾಗಾಗಿ ಬೆಕ್ಕು ಮಲ ಮಾಡುವ ಮಣ್ಣಿನ ಟ್ರೇಯನ್ನು ದಿನಾ ತಪ್ಪದೆ ಸ್ವಚ್ಛ ಮಾಡಬೇಕು, ಬಸುರಿ ಆ ಕೆಲಸಕ್ಕೆ ಕೈ ಹಾಕಬಾರದು. ಬೆಕ್ಕಿಗೆ ಹಸಿ ಮಾಂಸ, ಹಸಿ ಮೀನು ಬೇಡ. ಅರೆಬೆಂದ ಮಾಂಸ, ತೊಳೆಯದ ತರಕಾರಿ, ತೋಟದ ಮಣ್ಣಿನ ಕಡೆ ಬಸುರಿ ಹೆಚ್ಚು ಎಚ್ಚರ ಇಡಬೇಕು ಎಂದರು. ಅವ್ವ ಅವತ್ತಿನಿಂದ ಮೆಂತ್ಯ, ಕೊತ್ತಂಬರಿಯನ್ನು ತೊಳೆದು ತೊಳೆದು ಬಣ್ಣವನ್ನೇ ಬಿಡಿಸುತ್ತಾಳೆ.

ಬೀಗರಿಗೆ ಮಾತು ಸಾಲಲಿಲ್ಲ, ಕಾಗದ ಬೇಕಿತ್ತು. ಪಶು ಡಾಕ್ಟರು ಬೆಕ್ಕಿನ ಪುಸ್ತಕದಲ್ಲಿ ಹುಳದ ಔಷಧಿ, ಹನಿ, ರೇಬೀಸ್ ಲಸಿಕೆ ಎಲ್ಲದರ ತಾರೀಕು, ತೂಕ ಬರೆದು ಸಹಿ ಮಾಡಿಕೊಟ್ಟರು. ಅದರ ಫೋಟೋ ವಾಟ್ಸಾಪ್‌ನಲ್ಲಿ ಹೋಯಿತು. ಆಮೇಲೆ ಆ ಕಡೆಯಿಂದ ಸೊಲ್ಲಿಲ್ಲ. ಈ ಪುಸ್ತಕ ಮೊದಲ ದಿನವೇ ಕೇಳಿ ಪಡೆಯಿರಿ. ಮರಿಗಳ ಲಸಿಕೆಯ ಹೊತ್ತಿಗೂ ಹುಳದ ಔಷಧಿ ಯಾವಾಗ ಕೊಟ್ಟಿರಿ ಎಂದು ಕೇಳುತ್ತಾರೆ.

ಚೌತಿಗೆ ಮುಂಚೆ ಮನೆ ಸುಣ್ಣ ಬಳಿಯುವಾಗ ಕುಣಿಗೆ ದಾರಿ ಸಿಕ್ಕಿತು. ಪೆಸ್ಟ್ ಕಂಟ್ರೋಲ್‌ನವರು ಔಷಧಿ ಹೊಡೆಯಲು 1,500 ರೂಪಾಯಿ ಕೇಳಿದ್ದರು. ಏನು ಹೊಡೆಯುತ್ತೀರಿ ಎಂದರೆ ಹೆಸರು ಹೇಳಲಿಲ್ಲ. ಬೇಡ ಎಂದೆ. ಚಿಗಟದ ಮರಿಹುಳಕ್ಕೆ ಬೆಳಕು ಆಗದು, ಒಣ ಗಾಳಿಯಲ್ಲಿ ಬದುಕದು. ಹಾಗಾಗಿ ಹಲಗೆ ಕಿತ್ತು, ಸಾಮಾನು ತೆಗೆದು, ನೂಲಿನ ಧೂಳನ್ನೆಲ್ಲ ಎಳೆದು, ಕುದಿನೀರು ಸುರಿದು, ಸುಣ್ಣ ಬಳಿದೆವು. ಬಲ್ಬ್ ಇಳಿಬಿಟ್ಟು, ಫ್ಯಾನ್ ತಿರುಗಿಸಿ ಒಣಗಿಸಿದೆವು. ಈಗ ಅದು ತೆರೆದೇ ಇದೆ. ಅವ್ವನಿಗೂ ಸಮಾಧಾನ. ಕಚ್ಚುವುದು ನಿಂತದ್ದು ಅದಾದ ಮೇಲೆಯೇ. ನನ್ನ ಲೆಕ್ಕದಲ್ಲಿ ಹನಿಯಷ್ಟೇ ಕೆಲಸ ಕುಣಿಯೂ ಮಾಡಿತು.

ಖರ್ಚು ಕೇಳುವವರಿಗೆ: ಡಾಕ್ಟರ ಫೀ ಒಂದು ಸಲಕ್ಕೆ 300, ಮಲ ಪರೀಕ್ಷೆ 200, ಪಿಪೆಟ್ ಒಂದಕ್ಕೆ 500ರ ಆಸುಪಾಸು, ಬಾಚಣಿಗೆ 150. ಗುಳಿಗೆ, ಸಿರಪ್ ದೊಡ್ಡ ಖರ್ಚಲ್ಲ. ಆಟೋ, ಲಾಂಡ್ರಿ ಎಲ್ಲ ಸೇರಿ ಒಂಬತ್ತು ಸಾವಿರ ದಾಟಿತು. ಅರ್ಧಕ್ಕಿಂತ ಜಾಸ್ತಿ ಹನಿಗೇ ಹೋಗಿದೆ.

ತಂಗಿಗೆ ಗಂಡುಮಗು ಹುಟ್ಟಿದೆ. ಬೆಕ್ಕುಗಳಿಗೆ ಬಾಣಂತಿ ಕೋಣೆಗೆ ಪ್ರವೇಶ ಇಲ್ಲ, ಬಾಗಿಲಲ್ಲಿ ಕೂತು ಕೂಗುತ್ತವೆ. ಓಣಿಯಲ್ಲಿ ಮನೆ ಕಟ್ಟುತ್ತಿರುವವರ ಮರಳಿನ ರಾಶಿಗೆ ಸುತ್ತಲಿನ ಬೆಕ್ಕುಗಳೆಲ್ಲ ಬರುತ್ತವೆ, ಮಕ್ಕಳೂ ಅಲ್ಲೇ ಆಡುತ್ತಾರೆ. ದುಂಡುಹುಳದ ಮೊಟ್ಟೆ ಮಣ್ಣಿನಲ್ಲಿ ಬಹಳ ಕಾಲ ಬದುಕುತ್ತದೆ, ಬಾಯಿಗೆ ಹೋದರೆ ಮಕ್ಕಳಿಗೂ ತೊಂದರೆ. ಮಾಲೀಕರಿಗೆ ಹೇಳಿ ಸಂಜೆ ತಾಡಪತ್ರಿ ಮುಚ್ಚಿಸುತ್ತಿದ್ದೇವೆ. ಇನ್ನು ಮುಂದೆ ಚಿನ್ನಿಗೆ ಮೂರು ತಿಂಗಳಿಗೊಮ್ಮೆ ಹುಳದ ಗುಳಿಗೆ. ಮರಿಗಳಿಗೂ ಈಗ ಆರು ತಿಂಗಳು ತುಂಬುತ್ತಿದೆ, ಅವಕ್ಕೂ ಹಾಗೆಯೇ. ಮುಂದಿನ ವಾರ ಚಿನ್ನಿಗೆ ಮಕ್ಕಳಾಗದ ಆಪರೇಷನ್‌ಗೆ ಟೈಮ್ ತಗೊಂಡಿದ್ದೇನೆ. ಹಿಂದಿನ ರಾತ್ರಿಯಿಂದ ಊಟ ಕೊಡಬಾರದಂತೆ. ಅದನ್ನು ಅವ್ವನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೇನೆ.